ಹೋಟೆಲ್ ಯಜಮಾನರ ಆತ್ಮಕಥೆಯನ್ನು ನಾನು ಬರೆದುಕೊಟ್ಟರೆ ತಪ್ಪಾ?

ಪ್ರಶ್ನೆ: ನಾನು ಡೊಂಬಿವಲಿಯವಳು. ಮುಂಬೈ ಮಹಾನಗರ ಪಾಲಿಕೆಯ ಕನ್ನಡ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತಳಾಗಿದ್ದೇನೆ. ಸಂಘದ ವಿಶೇಷಾಂಕಗಳಿಗೆ ಬರೆಯುತ್ತೇನೆ, ಬೇರೆಯವರು ಬರೆದದ್ದನ್ನು ತಿದ್ದಿಕೊಡುತ್ತೇನೆ. ನಮಗೆ ಪರಿಚಯದ ಹೋಟೆಲ್ ಯಜಮಾನರೊಬ್ಬರಿದ್ದಾರೆ, ಉಡುಪಿ ಕಡೆಯವರು. 75 ತುಂಬುವ ಹೊತ್ತಿಗೆ ಅವರ ಆತ್ಮಕಥೆ ಬರಬೇಕಂತೆ. "ನಾನು ಹೇಳ್ತಾ ಹೋಗ್ತೇನೆ, ನೀವು ಬರೀರಿ ಟೀಚರ್, ಹೆಸರು ಮಾತ್ರ ನಂದಿರಲಿ" ಅಂದರು. ಇನ್ನೂರು ಪುಟಕ್ಕೆ 25,000 ರೂಪಾಯಿ ಕೊಡುತ್ತಾರಂತೆ. ನನಗೂ ಬರೆಯುವ ಆಸೆಯಿದೆ. ಆದರೆ ನನ್ನ ಮಗ "ಇದು ಓದುಗರಿಗೆ ಮಾಡೋ ಮೋಸ" ಅನ್ನುತ್ತಾನೆ. ಗೆಳತಿಯೊಬ್ಬಳು "ದುಡ್ಡು ತಗೊಂಡ ಮೇಲೆ ನಿನಗೆ ಯಾವ ಹಕ್ಕೂ ಇರಲ್ಲ" ಅನ್ನುತ್ತಾಳೆ. ಇನ್ನೊಂದು ತಲೆನೋವು, ಹಳೇ ಪಾಲುದಾರರೊಬ್ಬರು ಲೆಕ್ಕದಲ್ಲಿ ಮೋಸ ಮಾಡಿದ್ದನ್ನು ಹೆಸರು ಹಾಕಿಯೇ ಬರೆಯಬೇಕು ಅಂತ ಯಜಮಾನರ ಹಟ. ಇದು ಮುಗಿದ ಮೇಲೆ ಅವರ ಸೊಸೆಯ ಪಿಎಚ್‌.ಡಿ. ಪ್ರಬಂಧವನ್ನೂ ಬರೆದುಕೊಡಬೇಕಂತೆ. ನಾನೇನು ಮಾಡಲಿ?

ಉತ್ತರ: ಟೀಚರ್, ಒಂದೇ ಪತ್ರದಲ್ಲಿ ನಾಲ್ಕು ಪ್ರಶ್ನೆ ಕಟ್ಟಿ ಕಳಿಸಿದ್ದೀರಿ. ಮೊದಲು ಚಿಕ್ಕ ಉತ್ತರ ಹೇಳಿಬಿಡುತ್ತೇನೆ. ಆತ್ಮಕಥೆ ಖಂಡಿತ ಬರೆದುಕೊಡಿ. ಆದರೆ ಈ ದುಡ್ಡಿಗೆ ಬೇಡ, ಬಾಯಿಮಾತಿನ ಮೇಲೂ ಬೇಡ. ಪಾಲುದಾರರ ವಿಷಯದಲ್ಲಿ ಹುಷಾರು. ಸೊಸೆಯ ಪ್ರಬಂಧ ಮುಟ್ಟಲೇಬೇಡಿ.

ಮಗನ ಮಾತಿನಿಂದ ಶುರು ಮಾಡೋಣ. ನಿಮ್ಮ ಮನಸ್ಸಿಗೆ ಚುಚ್ಚುತ್ತಿರುವುದು ಅದೇ ಅಂತ ಕಾಣುತ್ತದೆ. ಒಬ್ಬರು ಬರೆದು ಇನ್ನೊಬ್ಬರ ಹೆಸರಲ್ಲಿ ಅಚ್ಚಾಗುವುದಕ್ಕೆ ಘೋಸ್ಟ್‌ರೈಟಿಂಗ್ ಅನ್ನುತ್ತಾರೆ. ನಾನು ಮುಂಬೈಯಲ್ಲಿ ಬಹಳ ವರ್ಷಗಳಿಂದ ಇದೇ ಕೆಲಸ ಮಾಡಿಕೊಂಡಿದ್ದೇನೆ, ಇಂಗ್ಲಿಷಿನಲ್ಲಿ ಜಾಸ್ತಿ, ಕನ್ನಡದಲ್ಲಿ ಕಡಿಮೆ. ಇದು ಮೋಸವಾ ಅಂತ ಯಾರಾದರೂ ಕೇಳಿದರೆ ನಾನು ಒಂದು ಪ್ರಶ್ನೆ ತಿರುಗಿ ಕೇಳುತ್ತೇನೆ: ಮುಖಪುಟದ ಮೇಲಿನ ಹೆಸರು ಯಾವುದಕ್ಕೆ ಸಾಕ್ಷಿ?

ಆತ್ಮಕಥೆಯ ಮೇಲಿನ ಹೆಸರು "ಈ ಬದುಕು ನನ್ನದು, ಇಲ್ಲಿ ಹೇಳಿದ್ದಕ್ಕೆ ನಾನೇ ಹೊಣೆ" ಅನ್ನುತ್ತದೆ. ಓದುವವರಿಗೆ ಬೇಕಾಗಿರುವುದೂ ಅಷ್ಟೇ. ಎಳೆ ವಯಸ್ಸಿನ ಹುಡುಗ ಊರು ಬಿಟ್ಟು ಬಂದು, ಹಗಲೆಲ್ಲ ಕಪ್ಪು ಬಸಿ ತೊಳೆದು, ಮುಂಬೈಯ ಫೋರ್ಟ್ ಬಡಾವಣೆಯ ರಾತ್ರಿ ಶಾಲೆಯಲ್ಲಿ ತೂಕಡಿಸುತ್ತಾ ಓದಿ, ಕೊನೆಗೆ ಸ್ವಂತ ಹೋಟೆಲ್ ಹಾಕಿದ್ದು ಹೇಗೆ ಅಂತ ತಿಳಿಯಲು ಅವರು ಪುಸ್ತಕ ತೆಗೆಯುತ್ತಾರೆ. ಗಲ್ಲಾದ ಹಿಂದೆ ಐವತ್ತು ವರ್ಷ ಕೂತವರ ಹತ್ತಿರ ಹೇಳಲು ಬೇಕಾದಷ್ಟಿರುತ್ತದೆ, ಬರೆಯುವ ಅಭ್ಯಾಸ ಇರುವುದಿಲ್ಲ. ಬರೆದುಕೊಡುವವರು ಸಿಗದಿದ್ದರೆ ಆ ಕಥೆ ಅವರ ಜೊತೆಯೇ ಹೋಗುತ್ತದೆ. ಮುಂಬೈ ಕನ್ನಡಿಗರ ಎಷ್ಟೋ ಕಥೆಗಳು ಹೀಗೇ ಹೋಗಿವೆ.

ಕನ್ನಡಕ್ಕೆ ಇದು ಹೊಸತೂ ಅಲ್ಲ. ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಕನ್ನಡ ಗ್ರಂಥ ಕವಿರಾಜಮಾರ್ಗ, 9ನೇ ಶತಮಾನದ್ದು. ಅದನ್ನು ಬರೆದದ್ದು ರಾಷ್ಟ್ರಕೂಟ ದೊರೆ ನೃಪತುಂಗನೋ, ಅವನ ಆಸ್ಥಾನದ ಶ್ರೀವಿಜಯನೋ ಎಂದು ವಿದ್ವಾಂಸರು ಬಹಳ ಕಾಲ ವಾದ ಮಾಡಿದರು. ಈಗ ಹೆಚ್ಚಿನವರು ಶ್ರೀವಿಜಯನ ಕಡೆ. ಗ್ರಂಥದೊಳಗೇ 'ನೃಪತುಂಗದೇವಾನುಮತ' ಎಂಬ ಮಾತಿದೆ, ಅಂದರೆ ದೊರೆ ಒಪ್ಪಿದ್ದು. ಬರೆದವನೊಬ್ಬ, ಒಪ್ಪಿ ಹೆಸರು ಕೊಟ್ಟವನೊಬ್ಬ. ಟೆನಿಸ್ ಆಟಗಾರ ಆಂಡ್ರೆ ಅಗಾಸಿಯ ಆತ್ಮಕಥೆ 2009ರಲ್ಲಿ ಬಂತಲ್ವಾ, ಅದನ್ನು ಬರೆದವರು ಜೆ. ಆರ್. ಮೊಹ್ರಿಂಗರ್ ಎಂಬ ಪತ್ರಕರ್ತರು. ಮುಖಪುಟದಲ್ಲಿ ತನ್ನ ಹೆಸರು ಬೇಡ ಅಂದವರು ಅವರೇ. ಅಗಾಸಿ ಪುಸ್ತಕದ ಕೊನೆಯಲ್ಲಿ ಅವರನ್ನು ಹೆಸರಿಟ್ಟೇ ನೆನೆದಿದ್ದಾರೆ. ಯಾರಿಗೂ ಮೋಸವಾದಂತೆ ಅನಿಸಲಿಲ್ಲ.

ಹಾಗಂತ ಮಗನ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ನಾಳೆ ಯಜಮಾನರು ಇದೇ ಪುಸ್ತಕವನ್ನು ಯಾವುದೋ ಸಾಹಿತ್ಯ ಪ್ರಶಸ್ತಿಗೆ ಕಳಿಸಿದರು ಅಂತಿಟ್ಟುಕೊಳ್ಳಿ. ಆಗ ಮುಖಪುಟದ ಹೆಸರು ಬರವಣಿಗೆಗೂ ಸಾಕ್ಷಿ ಹೇಳಿದಂತಾಯಿತು, ಅದು ಸುಳ್ಳು ಸಾಕ್ಷಿ. ವೇದಿಕೆ ಹತ್ತಿ "ಒಂದೊಂದು ಅಕ್ಷರವನ್ನೂ ನಾನೇ ಬರೆದೆ" ಅಂದರೂ ಅಷ್ಟೇ. ಶಾಲು, ಹಾರ, ನಾಲ್ಕು ಜನರ ಹೊಗಳಿಕೆ ಸೇರಿದರೆ ಎಂಥವರೂ ಸ್ವಲ್ಪ ಉಬ್ಬುತ್ತಾರೆ, ಇದು ಆಗದ ಮಾತೇನಲ್ಲ. ಆದ್ದರಿಂದ ಪ್ರಶಸ್ತಿಗೆ ಕಳಿಸುವುದಾದರೆ ಇಬ್ಬರ ಹೆಸರಲ್ಲಿ ಮಾತ್ರ ಅಂತ ಮೊದಲೇ ಬರೆಸಿಕೊಳ್ಳಿ.

ಹೆಸರಿಗೆ ಒಂದು ನಡುದಾರಿಯೂ ಇದೆ, ಕನ್ನಡದಲ್ಲಿ ಚೆನ್ನಾಗಿ ರೂಢಿಯಲ್ಲಿರುವುದೇ. ಮುಖಪುಟದಲ್ಲಿ ಅವರ ಹೆಸರು, ಒಳಪುಟದಲ್ಲಿ 'ನಿರೂಪಣೆ' ಅಂತ ನಿಮ್ಮ ಹೆಸರು. ನನ್ನನ್ನು ಕೇಳಿದರೆ ನಿಮಗೆ ಹೊಂದುವುದು ಇದೇ. ನಿಮ್ಮನ್ನು ಬಲ್ಲ ಸಂಘದ ಅರ್ಧ ಜನ ಎರಡು ಪುಟ ಓದುವಷ್ಟರಲ್ಲಿ ಇದು ಟೀಚರ್ ಕೈ ಅಂತ ಕಂಡುಹಿಡಿಯುತ್ತಾರೆ, ಗುಟ್ಟು ಕಾಯುವುದು ಸುಮ್ನೆ ಕಷ್ಟ. ಯಜಮಾನರಿಗೂ ಇದರಿಂದ ಮರ್ಯಾದೆಯೇ. ಪೂರ್ತಿ ಗುಟ್ಟೇ ಬೇಕು ಅಂತ ಅವರು ಹಟ ಹಿಡಿದರೆ ಅದಕ್ಕೂ ಒಪ್ಪಬಹುದು, ಆದರೆ ಅದಕ್ಕೆ ಬೆಲೆ ಜಾಸ್ತಿ. ಯಾಕೆಂದರೆ ಆ ಪುಸ್ತಕ ತೋರಿಸಿ ನೀವು ಮುಂದಿನ ಕೆಲಸ ಕೇಳುವ ಹಾಗಿಲ್ಲ.

ಈಗ ಗೆಳತಿಯ ಮಾತು. ದುಡ್ಡು ತಗೊಂಡ ಕೂಡಲೇ ಹಕ್ಕೆಲ್ಲ ಹೋಯಿತು ಅನ್ನುವುದು ಬರೆಯುವವರಲ್ಲೇ ಬೇರೂರಿದ ತಪ್ಪು ತಿಳಿವಳಿಕೆ. ನಮ್ಮಲ್ಲಿರುವುದು 1957ರ ಕೃತಿಸ್ವಾಮ್ಯ ಕಾಯ್ದೆ. ಅದರ ಪ್ರಕಾರ ಬರೆದವರೇ ಮೊದಲ ಹಕ್ಕುದಾರರು. ಸಂಬಳಕ್ಕಿರುವ ನೌಕರರು ಕೆಲಸದ ಭಾಗವಾಗಿ ಬರೆದರೆ ಮಾತ್ರ ಹಕ್ಕು ಮಾಲೀಕರದ್ದು. ನೀವು ಅವರ ಹೋಟೆಲಿನ ನೌಕರರಲ್ಲ. ಹಕ್ಕನ್ನು ಅವರಿಗೆ ಬಿಟ್ಟುಕೊಡಬೇಕಾದರೆ ಬರವಣಿಗೆಯಲ್ಲಿ ಆಗಬೇಕು, ನೀವು ಸಹಿ ಹಾಕಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಐದೇ ವರ್ಷ ಅಂತ ಕಾಯ್ದೆ ತಿಳಿದುಕೊಳ್ಳುತ್ತದೆ. ಎಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಅಂದರೆ ಬಾಯಿಮಾತಿನ ವ್ಯವಹಾರ ನಿಮಗಿಂತ ಹೆಚ್ಚಾಗಿ ಅವರಿಗೇ ಅಪಾಯ. ಕರಾರು ಮಾಡೋಣ ಅಂತ ಹೇಳಲು ಸಂಕೋಚವಾದರೆ ಇದನ್ನೇ ಹೇಳಿ, ವ್ಯಾಪಾರಸ್ಥರಿಗೆ ತಕ್ಷಣ ಅರ್ಥವಾಗುತ್ತದೆ.

ಆದರೆ ಇಲ್ಲೊಂದು ತೊಡಕಿದೆ. ಬದುಕು ಅವರದ್ದು, ಮಾತು ಅವರದ್ದು, ವಾಕ್ಯ ನಿಮ್ಮದು. ಆಗ ಲೇಖಕರು ಯಾರು? ಮೌಲಾನಾ ಆಜಾದರ ಆತ್ಮಕಥೆಯ ವಿಷಯದಲ್ಲಿ ಈ ಪ್ರಶ್ನೆ ಕೋರ್ಟಿಗೇ ಹೋಗಿತ್ತು. ಆಜಾದರು ಉರ್ದುವಿನಲ್ಲಿ ಹೇಳುತ್ತಿದ್ದರು, ಹುಮಾಯೂನ್ ಕಬೀರ್ ಟಿಪ್ಪಣಿ ಮಾಡಿಕೊಂಡು ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು, ಆಜಾದರು ಓದಿ ತಿದ್ದುತ್ತಿದ್ದರು. ಆಜಾದರು 1958ರಲ್ಲಿ ತೀರಿಕೊಂಡ ಮೇಲೆ ಪುಸ್ತಕ ಬಂತು. ಸುಮಾರು 30 ಪುಟಗಳನ್ನು ಮಾತ್ರ 30 ವರ್ಷ ಮುಚ್ಚಿಡಬೇಕು ಎಂದು ಮೊದಲೇ ಗೊತ್ತುಮಾಡಿದ್ದರು. ಆ ಪುಟಗಳನ್ನು ತೆರೆಯುವ ಕಾಲ ಬಂದಾಗ ವಾರಸುದಾರರಿಂದ ಜಗಳ ಎದ್ದಿತು. ದೆಹಲಿ ಹೈಕೋರ್ಟ್ ಇಬ್ಬರನ್ನೂ ಜಂಟಿ ಲೇಖಕರು ಅಂದಿತು. ಒಬ್ಬರು ವಿಷಯ ಕೊಟ್ಟು ಇನ್ನೊಬ್ಬರು ಬರೆದು, ಇಬ್ಬರೂ ಕೂತು ರೂಪಿಸಿದ್ದಾದರೆ ಅದು ಇಬ್ಬರದ್ದೂ ಅಂತ. ನಿಮ್ಮಿಬ್ಬರ ಕೆಲಸವೂ ಹೆಚ್ಚು ಕಡಿಮೆ ಹಾಗೇ ನಡೆಯಲಿದೆ. ಮುಂದೆ ಅವರ ಮಕ್ಕಳು, ನಿಮ್ಮ ಮಗ ಎದುರುಬದುರು ನಿಲ್ಲುವ ಪರಿಸ್ಥಿತಿ ಬರಬಾರದು ಅಂದರೆ ಈಗಲೇ ಕಾಗದ ಮಾಡಿಕೊಳ್ಳಿ.

ಅದೇ ಕಾಯ್ದೆಯ 57ನೇ ಕಲಂ ಕೂಡ ಗೊತ್ತಿರಲಿ. ಹಕ್ಕು ಮಾರಿದ ಮೇಲೂ "ಇದನ್ನು ಬರೆದದ್ದು ನಾನು" ಅಂತ ಹೇಳಿಕೊಳ್ಳುವ ಅಧಿಕಾರ ಲೇಖಕರಿಗೆ ಉಳಿಯುತ್ತದೆ ಎಂದು ಅದು ಹೇಳುತ್ತದೆ. ಗುಟ್ಟು ಕಾಯುತ್ತೇನೆ ಅಂತ ಸಹಿ ಹಾಕಿದರೆ ಆ ಅಧಿಕಾರ ಎಷ್ಟು ಉಳಿಯುತ್ತದೆ ಅನ್ನುವುದರ ಬಗ್ಗೆ ವಕೀಲರಲ್ಲೇ ಒಮ್ಮತವಿಲ್ಲ. ಸಹಿ ಹಾಕಿ ಆಮೇಲೆ ಬಾಯಿಬಿಟ್ಟರೆ ಕರಾರು ಮುರಿದ ಆರೋಪವಂತೂ ಬರಬಹುದು. ಹಾಗಾಗಿ ಮನಸ್ಸಿಲ್ಲದೆ ಗುಟ್ಟಿಗೆ ಒಪ್ಪಬೇಡಿ.

ಇನ್ನು ದುಡ್ಡು. 25,000 ಅಂದಾಗ ದೊಡ್ಡದು ಅನಿಸಿತೇನೋ. ಲೆಕ್ಕ ಹಾಕೋಣ, ಟೀಚರ್. ಇನ್ನೂರು ಪುಟ ಅಂದರೆ ಸುಮಾರು 50,000 ಪದ. ಅಷ್ಟಕ್ಕೆ ಇಪ್ಪತ್ತು ಗಂಟೆಯಾದರೂ ಅವರ ಮಾತು ರೆಕಾರ್ಡ್ ಮಾಡಬೇಕು. ಒಂದು ಗಂಟೆಯ ಮಾತನ್ನು ಕೇಳಿ ಕೇಳಿ ಬರೆದಿಳಿಸಲು ನಾಲ್ಕು ಗಂಟೆ ಹಿಡಿಯಿರಿ, ಎಂಬತ್ತಾಯಿತು. ಗಂಟೆಗೆ 250 ಪದ ಚೆನ್ನಾಗಿ ಬರೆದರೂ ಇನ್ನೂರು ಗಂಟೆ. ತಿದ್ದುಪಡಿ, ಪ್ರೂಫ್, ಫೋನು ಅಂತ ಐವತ್ತು. ಒಟ್ಟು 350 ಗಂಟೆ. 25,000ವನ್ನು ಭಾಗಿಸಿದರೆ ಗಂಟೆಗೆ 71 ರೂಪಾಯಿ ಚಿಲ್ಲರೆ. ಅವರ ಹೋಟೆಲಿನಲ್ಲಿ ಒಂದು ಮಸಾಲೆ ದೋಸೆಗೆ ಇದಕ್ಕಿಂತ ಜಾಸ್ತಿ ಬಿಲ್ಲಾಗುತ್ತದೆ! ಗಂಟೆಗೆ 300 ಅಂತ ಹಿಡಿದರೂ 1,05,000 ಆಗಬೇಕು. ಅಷ್ಟು ಕೇಳಿ ಅಂತ ನಾನು ಹೇಳುತ್ತಿಲ್ಲ, ಪರಿಚಯ, ಸ್ನೇಹ ಎಲ್ಲ ಇರುತ್ತದೆ. ಆದರೆ ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಅವರ ಮುಂದಿಡಿ. ಹೋಟೆಲ್ ನಡೆಸಿದವರಿಗೆ ಕೂಲಿಯ ಲೆಕ್ಕ ಹೇಳಿಕೊಡಬೇಕಾಗಿಲ್ಲ.

ಮಾರಾಟದಲ್ಲಿ ಪಾಲು ಕೊಡುತ್ತೇನೆ ಅಂದರೆ ನಕ್ಕು ಬೇಡ ಅನ್ನಿ. ಇಂಥ ಪುಸ್ತಕ ಸಮಾರಂಭದಲ್ಲಿ ಹಂಚಲು ಮಾಡಿಸುವಂಥದ್ದು, ಅಂಗಡಿಗೆ ಹೋಗುವುದು ಕಡಿಮೆ. ದುಡ್ಡನ್ನು ಮೂರು ಕಂತಿನಲ್ಲಿ ತಗೊಳ್ಳಿ, ಬ್ಯಾಂಕ್ ಮೂಲಕವೇ ಬರಲಿ: ಶುರುವಿಗೆ, ಮೊದಲ ಕರಡು ಕೊಟ್ಟಾಗ, ಅಚ್ಚಿಗೆ ಹೋಗುವ ಮೊದಲು. ಬಿಡುಗಡೆ ಆದ ಮೇಲೆ ಕೊಡುತ್ತೇನೆ ಅನ್ನುವ ಕಂತು ಬರುವುದು ಕಷ್ಟ. ಎಷ್ಟು ಸಲ ತಿದ್ದಿಕೊಡುತ್ತೀರಿ ಅನ್ನುವುದನ್ನೂ ಬರೆಯಿರಿ. ಎರಡು ಸಲ ಸಾಕು, ಇಲ್ಲದಿದ್ದರೆ ಭಾವನವರು ಓದಿದರು, ಅಳಿಯ ಓದಿದರು ಅಂತ ಒಂದೊಂದು ವಾರಕ್ಕೆ ಒಂದೊಂದು ಬದಲಾವಣೆ ಬರುತ್ತದೆ. ಮಧ್ಯದಲ್ಲಿ ಅವರ ಆರೋಗ್ಯ ಕೆಟ್ಟು ಕೆಲಸ ನಿಂತರೆ ಏನು ಅನ್ನುವುದೂ ಇರಲಿ. ವಯಸ್ಸು 75, ಕೇಳಲು ಮುಜುಗರವಾದರೂ ಕೇಳಲೇಬೇಕು.

ಕರಾರಿನಲ್ಲಿ ಕನ್ನಡ ಪುಸ್ತಕವನ್ನು ಮಾತ್ರ ಬಿಟ್ಟುಕೊಡಿ. ಇಂಗ್ಲಿಷ್, ಮರಾಠಿ ಅನುವಾದಕ್ಕೆ, ಸಿನಿಮಾಕ್ಕೆ ಬೇರೆ ಮಾತು ಅಂತ ಒಂದು ಸಾಲು ಹಾಕಿಸಿ. ನಾಳೆ ಏನಾಗುತ್ತದೆ ಅಂತ ಯಾರಿಗೆ ಗೊತ್ತು? ಅಮೆರಿಕದಲ್ಲಿ ನ್ಯಾನ್ಸಿ ಡ್ರೂ ಅನ್ನುವ ಹುಡುಗಿ ಪತ್ತೇದಾರಿಯ ಸರಣಿ 1930ರಲ್ಲಿ ಶುರುವಾಯಿತು. ಮುಖಪುಟದಲ್ಲಿದ್ದ ಲೇಖಕಿಯ ಹೆಸರು ಕಲ್ಪನೆಯದ್ದು. ಮೊದಲ 30 ಪುಸ್ತಕಗಳಲ್ಲಿ 23ನ್ನು ಬರೆದವರು ಮಿಲ್‌ಡ್ರೆಡ್ ವರ್ಟ್ ಬೆನ್ಸನ್. ಶುರುವಿನ ಪುಸ್ತಕಗಳಿಗೆ ಒಂದಕ್ಕೆ 125 ಡಾಲರ್ ಕೊಟ್ಟು ಹಕ್ಕನ್ನೆಲ್ಲ ಬರೆಸಿಕೊಂಡಿದ್ದರು. ಕೋಟಿಗಟ್ಟಲೆ ಪ್ರತಿ ಮಾರಾಟವಾದವು, ಆಕೆಗೆ ಅದರಲ್ಲಿ ಪಾಲಿಲ್ಲ. ಬರೆದದ್ದು ಆಕೆ ಅಂತ ಹೊರಗೆ ಗೊತ್ತಾದದ್ದು 1980ರಲ್ಲಿ, ಪ್ರಕಾಶಕರಿಬ್ಬರ ಜಗಳದಲ್ಲಿ ಆಕೆ ಕೋರ್ಟಿಗೆ ಬಂದು ಸಾಕ್ಷಿ ಹೇಳಿದಾಗ.

ಕೆಲಸದ ಬಗ್ಗೆ ನೀವು ಕೇಳಿಲ್ಲ, ಆದರೂ ಎರಡು ಮಾತು ಹೇಳದೆ ಇರಲಾರೆ. ನಿಮಗೆ ತಿದ್ದುವ ಅಭ್ಯಾಸ. ಈ ಕೆಲಸದಲ್ಲಿ ಅದೇ ಅಡ್ಡ ಬರುತ್ತದೆ. ಅವರು "ಖುಷಿಯಾಯ್ತು ಮಾರಾಯ್ರೆ" ಅಂದದ್ದನ್ನು ನೀವು "ಹರ್ಷಪುಲಕಿತನಾದೆನು" ಅಂತ ಬರೆದರೆ ಪುಸ್ತಕದಲ್ಲಿ ಅವರಿರುವುದಿಲ್ಲ, ವಿಶೇಷಾಂಕದ ಸಂಪಾದಕೀಯ ಇರುತ್ತದೆ. ತುಳು ಮಾತು ಬಂದರೆ ಬರಲಿ, ಬಂಬೈಯಾ ಹಿಂದಿಯೂ ಬರಲಿ. ಹೋಟೆಲನ್ನು ಕಂಡಕ್ಟ್‌ಗೆ ತಗೊಂಡೆ ಅಂದರೆ ಹಾಗೇ ಬರೆಯಿರಿ, ಗುತ್ತಿಗೆ ಅಂತ ಮಾಡಬೇಡಿ. ಆ ವ್ಯವಹಾರವನ್ನು ಬಲ್ಲವರಿಗೆ ಆ ಮಾತಿನಲ್ಲೇ ಅರ್ಧ ಕಥೆ ಸಿಗುತ್ತದೆ.

ಇಸವಿಗಳನ್ನು ಮಾತ್ರ ನಂಬಬೇಡಿ. ವಯಸ್ಸಾದವರು ಸುಳ್ಳು ಹೇಳುತ್ತಾರೆ ಅಂತಲ್ಲ, ನೆನಪು ಜಾರುತ್ತದೆ. "ಯಾವ ವರ್ಷ?" ಅಂತ ಕೇಳಿದರೆ ತೋಚಿದ್ದು ಹೇಳುತ್ತಾರೆ. ಅದರ ಬದಲು ಊರಿಗೆಲ್ಲ ಗೊತ್ತಿರುವ ಘಟನೆ ಹಿಡಿದು ಕೇಳಿ. ಎಮರ್ಜೆನ್ಸಿ ಸಮಯದಲ್ಲಿ ಎಲ್ಲಿದ್ದಿರಿ? ಬಟ್ಟೆ ಗಿರಣಿಗಳ ಮುಷ್ಕರಕ್ಕೆ ಮೊದಲೋ ಆಮೇಲೋ? ಮುಷ್ಕರ ಶುರುವಾದದ್ದು 1982ರ ಜನವರಿಯಲ್ಲಿ. ಲಾಲ್‌ಬಾಗ್, ಪರೇಲ್ ಕಡೆ ಹೋಟೆಲ್ ಇದ್ದವರಿಗೆ ಅದು ಮರೆಯುವಂಥದ್ದಲ್ಲ, ಗಿರಾಕಿಗಳೇ ಗಿರಣಿಯವರು. ಊರಿಗೆ ರೈಲಲ್ಲಿ ಹೋದೆ ಅಂದರೆ ಕೊಂಕಣ ರೈಲು ಪೂರ್ತಿ ಓಡಲು ಶುರುವಾದದ್ದು 1998ರ ಜನವರಿಯಲ್ಲಿ ಅಂತ ನೆನಪಿಟ್ಟುಕೊಂಡು ತಾಳೆ ನೋಡಿ. 2005ರ ಜುಲೈ 26ರ ಮಳೆಯಲ್ಲಿ, ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದಾಗ, ಹೋಟೆಲ್ ಬಾಗಿಲು ಹಾಕಿದರೋ, ಜನರಿಗೆ ಊಟ ಹಾಕಿದರೋ? ಹೀಗೆ ಕೇಳಿದರೆ ಒಂದು ಪ್ರಶ್ನೆಗೆ ಮೂರು ಕಥೆ ಹೊರಗೆ ಬರುತ್ತವೆ. ಮರೆಯದೆ ಅವರ ಹೆಂಡತಿಯ ಹತ್ತಿರವೂ ಒಂದು ಮಧ್ಯಾಹ್ನ ಕೂತುಕೊಳ್ಳಿ. ಸಾಲ ಎಷ್ಟಿತ್ತು, ಯಾರ ಬಳೆ ಅಡವಿಟ್ಟದ್ದು ಅನ್ನುವುದು ಅಲ್ಲೇ ಗೊತ್ತಾಗುವುದು.

ಈಗೀಗ ಮನೆಯಲ್ಲಿ ಯಾರಾದರೂ "ಇದನ್ನೆಲ್ಲ ಎಐ ಫ್ರೀಯಾಗಿ ಬರೆದುಕೊಡುತ್ತೆ" ಅನ್ನುತ್ತಾರೆ. ರೆಕಾರ್ಡಿಂಗ್ ಬರೆದಿಳಿಸಲು ಸ್ವಲ್ಪ ಸಹಾಯವಾಗಬಹುದು, ತುಳು ಬೆರೆತ ಮಾತಿಗೆ ಅದೂ ಕಷ್ಟ. ಬಳೆಯ ವಿಷಯ ಅದಕ್ಕೆ ಯಾರೂ ಹೇಳಿರುವುದಿಲ್ಲ. ಅವರನ್ನು ಕೇಳದೆ ಅವರ ಮನೆಯ ಮಾತನ್ನು ಅಂಥ ಕಡೆ ಹಾಕಲೂಬೇಡಿ.

ಪಾಲುದಾರರ ವಿಷಯ ಸೂಕ್ಷ್ಮ. "ಹೆಸರು ಅವರದ್ದು ತಾನೇ, ಕೇಸಾದರೆ ಅವರ ಮೇಲೆ" ಅಂತ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಮಾನನಷ್ಟ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂನಲ್ಲಿದೆ, 2024ರ ಜುಲೈಯಿಂದ ಜಾರಿಯಲ್ಲಿದೆ. ಎರಡು ವರ್ಷದವರೆಗೆ ಜೈಲು ಶಿಕ್ಷೆಗೆ ಅವಕಾಶವಿದೆ. ಆರೋಪ ಮಾಡಿದವರು, ಪ್ರಕಟಿಸಿದವರು ಇಬ್ಬರನ್ನೂ ಅದು ಹಿಡಿಯುತ್ತದೆ. ಬರೆದುಕೊಟ್ಟವರನ್ನೂ ಜೊತೆಗೆ ಎಳೆಯಬಹುದು. ಪರಿಹಾರ ಕೇಳುವ ಸಿವಿಲ್ ದಾವೆ ಬೇರೆ. "ನಿಜವನ್ನೇ ಬರೆದದ್ದು" ಅಂದರೆ ಕ್ರಿಮಿನಲ್ ಕೇಸಿನಲ್ಲಿ ಅಷ್ಟೇ ಸಾಲದು, ಅದನ್ನು ಹೇಳುವುದರಿಂದ ಜನರಿಗೆ ಒಳಿತಿದೆ ಅಂತಲೂ ತೋರಿಸಬೇಕು. ಪಾಲುದಾರರು ತೀರಿಹೋಗಿದ್ದರೂ ಮನೆಯವರ ಮನಸ್ಸು ನೋಯಿಸಲು ಬರೆದದ್ದು ಅಂತ ಕೇಸು ಬರಬಹುದು. ಏನೇ ಕೇಸಾದರೂ ಖರ್ಚು ಯಜಮಾನರದ್ದು ಅಂತ ಕರಾರಿನಲ್ಲಿ ಬರೆಸಿಕೊಳ್ಳಿ, ತಪ್ಪದೆ ಬರೆಸಿಕೊಳ್ಳಿ. ಆದರೆ ಆ ಸಾಲು ನಿಮ್ಮ ದುಡ್ಡು ಉಳಿಸುತ್ತದೆ, ಕೋರ್ಟಿಗೆ ಅಲೆಯುವುದನ್ನು ತಪ್ಪಿಸುವುದಿಲ್ಲ.

ಹೆಸರು ಬದಲಾಯಿಸಿದರೆ ಆಯಿತು ಅನ್ನುವುದೂ ಈ ಊರಿನಲ್ಲಿ ನಡೆಯುವುದಿಲ್ಲ. ಇಂಥ ಸ್ಟೇಷನ್ ಎದುರಿನ ಹೋಟೆಲು, ಇಂಥ ವರ್ಷ ಅಂದರೆ ಸಾಕು, ನಮ್ಮ ಹೋಟೆಲಿನವರ ಬಳಗದಲ್ಲಿ ಎಲ್ಲರಿಗೂ ಆಳು ಗೊತ್ತಾಗುತ್ತದೆ. ನಾನು ಇಂಥ ಕಡೆ ಯಜಮಾನರಿಗೆ ಕಾಗದ ಕೇಳುತ್ತೇನೆ. ಕೋರ್ಟಿನ ತೀರ್ಪಿದೆಯೇ? ಇದ್ದರೆ ತೀರ್ಪಿನಲ್ಲಿ ಇರುವಷ್ಟನ್ನು ಬರೆಯೋಣ. ಇಲ್ಲದಿದ್ದರೆ ಅವರಿಗೆ ಆದದ್ದನ್ನು ಮಾತ್ರ ಬರೆಯೋಣ: ಲೆಕ್ಕ ತಾಳೆಯಾಗಲಿಲ್ಲ, ಮಾತು ನಿಂತಿತು, ಬೇರೆಯಾದೆವು, ಆ ವರ್ಷ ಮಗಳ ಮದುವೆಗೆ ಸಾಲ ಮಾಡಿದೆ. ಓದುವವರಿಗೆ ಎಲ್ಲವೂ ತಿಳಿಯುತ್ತದೆ, ಯಾರನ್ನೂ ಕಳ್ಳ ಅಂದಂತಾಗುವುದಿಲ್ಲ. ಅಚ್ಚಿಗೆ ಮೊದಲು ಪ್ರತಿ ಅಧ್ಯಾಯದ ಕೊನೆಗೆ "ಓದಿದ್ದೇನೆ, ಸರಿಯಿದೆ" ಅಂತ ಅವರ ಸಹಿ ಹಾಕಿಸಿಕೊಳ್ಳಿ. ರೆಕಾರ್ಡಿಂಗನ್ನು ಅಳಿಸಬೇಡಿ.

ಉಳಿದದ್ದು ಸೊಸೆಯ ಪ್ರಬಂಧ. ನಾನು ಮೊದಲು ಕೇಳಿದ ಪ್ರಶ್ನೆಯನ್ನೇ ಇಲ್ಲಿ ಕೇಳಿ. ಪ್ರಬಂಧದ ಮೇಲಿನ ಹೆಸರು "ಈ ಸಂಶೋಧನೆ ಮಾಡಿ ಬರೆದದ್ದು ನಾನೇ" ಅನ್ನುವುದಕ್ಕೆ ಸಾಕ್ಷಿ, ಡಾಕ್ಟರ್ ಅನ್ನುವ ಪದವಿ ಕೊಡುವುದೇ ಅದಕ್ಕೆ. ಬೇರೆಯವರು ಬರೆದರೆ ಅದು ನೇರ ಮೋಸ, ಮಗ ಹೇಳಿದ್ದು ಇಲ್ಲಿ ನೂರಕ್ಕೆ ನೂರು ಸರಿ. "ಕೃತಿಚೌರ್ಯ ಹಿಡಿಯುವ ಸಾಫ್ಟ್‌ವೇರಿನಲ್ಲಿ ಸಿಗುವುದಿಲ್ಲ" ಅಂತ ಧೈರ್ಯ ಹೇಳುವವರಿದ್ದಾರೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಲ್ಲಿ ಬೇರೆಯವರ ಬರಹದ ಜೊತೆ ಶೇಕಡಾ 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ, 60 ದಾಟಿದರೆ ನೋಂದಣಿಯೇ ರದ್ದು, ನಡುವೆ ಬೇರೆ ಹಂತಗಳಿವೆ. ಸಾಫ್ಟ್‌ವೇರ್ ನೋಡುವುದು ಹೋಲಿಕೆಯನ್ನು ಮಾತ್ರ, ನಿಜ. ನೀವು ಹೊಸದಾಗಿ ಬರೆದುಕೊಟ್ಟದ್ದು ಅದಕ್ಕೆ ಸಿಗದೇ ಇರಬಹುದು. ಆದರೆ ವೈವಾ ಅಂತ ಒಂದಿದೆ. ಪರೀಕ್ಷಕರು "ಮೂರನೇ ಅಧ್ಯಾಯದಲ್ಲಿ ಈ ತೀರ್ಮಾನಕ್ಕೆ ಹೇಗೆ ಬಂದಿರಿ?" ಅಂತ ಕೇಳಿದಾಗ ಆ ಹುಡುಗಿ ಮುಖ ನೋಡಬೇಕಾಗುತ್ತದೆ. ನಿಮಗೂ ರಕ್ಷಣೆಯಿಲ್ಲ. ಮೋಸದ ಉದ್ದೇಶದ ಒಪ್ಪಂದ 1872ರ ಕರಾರು ಕಾಯ್ದೆಯ 23ನೇ ಕಲಂ ಪ್ರಕಾರ ಅಸಿಂಧು, ಅವರು ದುಡ್ಡು ಕೊಡದಿದ್ದರೆ ಯಾವ ಕೋರ್ಟಿಗೂ ಹೋಗಲಾರಿರಿ.

ಆ ಸೊಸೆಗೆ ನಿಜವಾಗಿ ಬೇಕಾಗಿರುವುದು ಇಡೀ ಪ್ರಬಂಧವೋ, ಕನ್ನಡ ವಾಕ್ಯದ ಧೈರ್ಯವೋ ಅಂತ ಒಮ್ಮೆ ಕೇಳಿ ನೋಡಿ. ಇಲ್ಲೇ ಹುಟ್ಟಿ ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದ ಮಕ್ಕಳಿಗೆ ವಿಷಯ ಗೊತ್ತಿರುತ್ತದೆ, ಕನ್ನಡದಲ್ಲಿ ಬರೆಯಲು ಭಯ. ಹಾಗಿದ್ದರೆ ಅವಳೇ ಬರೆದು ತರಲಿ, ನೀವು ಕಾಗುಣಿತ, ವಾಕ್ಯ ನೋಡಿಕೊಡಿ, ಎಲ್ಲಿ ಅರ್ಥವಾಗಲಿಲ್ಲ ಅಂತ ಅಂಚಿನಲ್ಲಿ ಗುರುತು ಹಾಕಿ. ವಾದ ಅವಳದ್ದೇ ಇರಲಿ. ಮೊದಲು ಅವಳ ಮಾರ್ಗದರ್ಶಕರ ಒಪ್ಪಿಗೆ ತರಿಸಿಕೊಳ್ಳಿ, ಕೃತಜ್ಞತೆಯ ಪುಟದಲ್ಲಿ ಭಾಷೆ ನೋಡಿಕೊಟ್ಟವರು ಅಂತ ನಿಮ್ಮ ಹೆಸರು ಬರಲಿ. ಇದಕ್ಕೆ ಪುಟಕ್ಕಿಷ್ಟು ಅಂತ ಬೇರೆಯೇ ದುಡ್ಡು ಮಾತಾಡಿ, ಮಾವನವರ ಪುಸ್ತಕದ ಲೆಕ್ಕದಲ್ಲಿ ಸೇರಿಸಲು ಬಿಡಬೇಡಿ.